ಇಪ್ಪತ್ತೈದು ಸಾವಿರ ಸಲ

"ಅದಕ್ಕೆ ಕೈ ಹಾಕಬೇಡ," ಅಂದಳು ಅಮ್ಮ. ಮಗಳು ಕಿಟಕಿಯ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದಳು.

ಹೊರಗಿನ ಕೋಣೆಯಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಸ್ಮಶಾನದ ಗಾಡಿ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಬಂದವರಿಗೆಲ್ಲ ಕಾಫಿ ಕಾಯಿಸಿ ಕಾಯಿಸಿ ಅಡುಗೆಮನೆಯ ಗೋಡೆ ಬೆವರುತ್ತಿತ್ತು. ಆದರೂ ಮೇಲಕ್ಕೆ ಸರಿಸುವ ಆ ಗಾಜಿನ ಕಿಟಕಿಯನ್ನು ಅಮ್ಮ ಬೆಳಗಿನಿಂದ ತೆರೆದಿರಲಿಲ್ಲ.

"ಉಸಿರು ಕಟ್ತಿದೆಯಮ್ಮ."

"ಕಟ್ಟಲಿ. ಅದರ ಆಯಸ್ಸು ಮುಗೀತಾ ಬಂತು. ಮುರಿದ್ರೆ ಮಾಡಿಕೊಡೋರು ಯಾರು ಇನ್ನು?"

ಲೋಟ ತೊಳೆಯುತ್ತಿದ್ದ ಪಕ್ಕದ ಮನೆ ಚಿಕ್ಕಮ್ಮ ತಿರುಗಿದಳು. "ಕಿಟಕಿಗೂ ಆಯಸ್ಸು ಬರೆದಿಟ್ಟಿದ್ರಾ ನಿಮ್ಮನೆಯವರು?"

"ಬರೆದಿದ್ರು."

*

ಏಳು ವರ್ಷದ ಹಿಂದೆ ಅಮ್ಮನ ಭುಜ ಹಿಡಿದುಕೊಂಡಿತು, ಕಿಟಕಿ ಎತ್ತಲಾಗಲಿಲ್ಲ. ಅಪ್ಪ ಸ್ಪ್ರಿಂಗ್ ಕಾರ್ಖಾನೆಯಲ್ಲಿ, ಉಕ್ಕಿನ ಪಟ್ಟಿ ಸುತ್ತಿದ ಸುರುಳಿಗಳು ಎಷ್ಟು ಸಲ ಎಳೆದರೆ ಮುರಿಯುತ್ತವೆ ಎಂದು ಲೆಕ್ಕ ಹಾಕುವವನು. ಒಂದು ಭಾನುವಾರ ಕಪ್ಪು ಉಕ್ಕಿನ ಸುರುಳಿಯೊಂದನ್ನು ತಂದು ಮಗಳ ಕೈಗೆ ತುದಿ ಕೊಟ್ಟ.

"ಎಳಿ. ಬೇರೆ ಸ್ಪ್ರಿಂಗು ಎಳೆದಷ್ಟೂ ಮುನಿಸ್ಕೊಳ್ಳುತ್ತೆ. ಇದು ಗೇಣು ಎಳೆದರೂ ಅಷ್ಟೇ, ಮಾರು ಎಳೆದರೂ ಅಷ್ಟೇ."

"ನಿಮ್ಮ ಹಾಗೇ," ಅಂದಳು ಅಮ್ಮ. "ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ."

ಅಪ್ಪ ಸುರುಳಿಯ ಎಳೆತವನ್ನು ಕಿಟಕಿಯ ಭಾರಕ್ಕೆ ಸರಿಯಾಗಿ ಹೊಂದಿಸಿದ. ಕಿಟಕಿ ಬಿಟ್ಟಲ್ಲೇ ನಿಂತಿತು. ಆಯಸ್ಸು ಬರೆಯದೆ ಒಂದು ಸುರುಳಿಯನ್ನೂ ಕೈಬಿಟ್ಟವನಲ್ಲ. ಸುರುಳಿಯ ಮೇಲಿನ ಮರದ ಮುಚ್ಚಳದೊಳಗೆ ಪೆನ್ಸಿಲಿನಲ್ಲಿ ಬರೆದ: ೨೫,೦೦೦ ಸಲ. ಅಂದಿನಿಂದ ಅಮ್ಮ ಎಣಿಸತೊಡಗಿದಳು. ಒಗ್ಗರಣೆಗೊಮ್ಮೆ, ಸೀದು ಹೋದಾಗೊಮ್ಮೆ, ದಿನಕ್ಕೆ ಹತ್ತೇ ಸಲ.

*

ಅಪ್ಪನ ಜೊತೆ ಮೂವತ್ತು ವರ್ಷ ಕೆಲಸ ಮಾಡಿದ, ಕಾರ್ಖಾನೆಯ ಲೇತ್ ಯಂತ್ರ ನಡೆಸುವ ಲೇತ್ ಮಾವ ಅಡುಗೆಮನೆಗೆ ಬಂದು ಮುಖ ಒರೆಸಿಕೊಂಡ. "ಅಬ್ಬ, ಏನ್ ಶೆಖೆ. ಕಿಟಕಿ ತೆಗೀರಿ ಅತ್ತಿಗೆ."

"ಅವರ ಕೈಯದು ಅಂತ ಉಳಿದಿರೋದು ಅದೊಂದೇ. ಲೆಕ್ಕ ಮುಗೀತಾ ಬಂತು."

"ಯಾವುದು, ಆ ಕರೀದಾ? ಅದು ಎರಡು ತಿಂಗಳ ಹಿಂದೇನೇ ಗುಜರಿಗೆ ಹೋಯ್ತಲ್ಲ."

ಅಮ್ಮ ಅವನನ್ನೇ ನೋಡಿದಳು.

"ನೀವು ತಂಗಿ ಮನೆಗೆ ಹೋಗಿದ್ರಿ. ಅವತ್ತು ಇಬ್ಬರೂ ಸೇರಿ ಬದಲಾಯಿಸಿದ್ವಿ." ಚಾಕುವಿನ ತುದಿಯಿಂದ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಒಂದು ಕಪ್ಪು ಸುರುಳಿಯಿದ್ದಲ್ಲಿ ಎರಡು ಬೆಳ್ಳನೆಯವು ಅಕ್ಕಪಕ್ಕ ಕೂತಿದ್ದವು. "ಹಬೆಗೆ ಆ ಉಕ್ಕು ತುಕ್ಕು ಹಿಡಿದಿತ್ತು. ತುಕ್ಕಿನ ಚುಕ್ಕೆಯಿಂದಲೇ ಬಿರುಕು. ಇವು ಸ್ಟೇನ್‌ಲೆಸ್. ಒಂದು ದಪ್ಪ ಪಟ್ಟಿ ಬದಲು ಎರಡು ತೆಳ್ಳಗಿನವು, ಸುತ್ತೂ ದೊಡ್ಡದು. ಸುರುಳಿಗಳು ಭಾರಕ್ಕೆ ಸಾಯಲ್ಲ, ಬಗ್ಗಿ ಬಗ್ಗಿ ಸಾಯ್ತವೆ ಅಂತಿದ್ದ. ಬಗ್ಗೋ ಕಷ್ಟ ಕಮ್ಮಿ ಮಾಡಿದ."

ಮಗಳು ಮುಚ್ಚಳವನ್ನು ತಿರುಗಿಸಿ ನೋಡಿದಳು. ಹಳೆಯ ಅಂಕಿಯನ್ನು ಉಪ್ಪುಕಾಗದದಿಂದ ಉಜ್ಜಿ ಅಳಿಸಲಾಗಿತ್ತು. ಮರ ಖಾಲಿ.

"ಇವು ಎಷ್ಟು ಸಲ ಬರ್ತವೆ ಮಾವ?"

"ನಾನೂ ಕೇಳಿದೆ. ಕಿವಿ ಮೇಲಿನ ಪೆನ್ಸಿಲ್ ತೆಗೆದ, ಮತ್ತೆ ಅಲ್ಲೇ ಸಿಕ್ಕಿಸ್ಕೊಂಡ. ಬರೆದ್ರೆ ಅವಳು ಎಣಿಸ್ತಾಳೆ ಅಂದ."

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಕಿಟಕಿಯ ಕೆಳಗೆ ಒಂದೇ ಒಂದು ಬೆರಳು ಕೊಟ್ಟಳು. ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಒಳಗೆ ಗಾಳಿ ಬಂತು.

"ಗಾಡಿ ಬಂತು," ಅಂತ ಹೊರಗಿನಿಂದ ಯಾರೋ ಕೂಗಿದರು.

ಅಮ್ಮ ಕಿಟಕಿಯನ್ನು ಅರ್ಧಕ್ಕೆ ಎತ್ತಿ, ಬೆರಳು ತೆಗೆದು, ತಿರುಗಿ ನೋಡದೆ ಹೊರನಡೆದಳು. ಅದು ಬಿಟ್ಟಲ್ಲೇ ನಿಂತಿತ್ತು.