ಚೆನ್ನಾಗಿದೆಯಂತೆ

"ಇನ್ನೊಂಚೂರು ಒತ್ತಿ ಅತ್ತಿಗೆ, ಕುರ್ಚಿ ಹಿಡಿಸ್ಬೇಕಲ್ಲ," ಎಂದ ಮೈದುನ. ಸೊಸೆ ಹೊಲಿಗೆ ಮೆಷಿನ್ನಿಗೆ ಸೊಂಟ ಕೊಟ್ಟು ಗೋಡೆಯತ್ತ ದೂಡಿದಳು. ಮನೆಯ ಮುಂದಿನ ಕೋಣೆಯೇ ಅತ್ತೆಯ ಟೈಲರ್ ಅಂಗಡಿ. ಈಗ ಅದರ ನಡುವೆ ಅತ್ತೆಯೇ ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ಹಗಲು ಹೊತ್ತು ಹಾಗೆ ಮಲಗಿದವರೇ ಅಲ್ಲ ಆಕೆ.

ಬೆಳಗಿನಿಂದ ಸೊಸೆಗೆ ಅಳು ಬಂದಿರಲಿಲ್ಲ. ಬರಲಿ ಎಂದು ಕಾದದ್ದೂ ಆಯಿತು. ಅತ್ತೆ ಕೆಟ್ಟವರೇನಲ್ಲ. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ, "ಪುಸ್ತಕ ಹಿಡಿದ್ರೆ ಹಾಲು ಉಕ್ಕಿದ್ದೂ ಗೊತ್ತಾಗಲ್ಲ ಇವಳಿಗೆ" ಎಂದಿದ್ದರು ನೋಡಿ, ಆ ಮಾತು ಮುಳ್ಳಿನ ಹಾಗೆ ಒಳಗೇ ಕೂತುಬಿಟ್ಟಿತ್ತು. ತನ್ನ ಓದೆಂದರೆ ಅತ್ತೆಯ ಪಾಲಿಗೆ ದಂಡದ ಕೆಲಸ ಎಂದೇ ಅವಳ ಲೆಕ್ಕ. ಒಂದು ದಿನವಾದರೂ ಮೆಚ್ಚಿ ಒಂದು ಮಾತಾಡಿದ್ದರೆ!

ಮೊದಲು ಬಂದವಳು ಆಸ್ಪತ್ರೆಯ ನರ್ಸು. ಮುಖ ನೋಡಿ, ಮೂಗೊರೆಸಿಕೊಂಡು, ಸೊಸೆಯ ಕೈ ಹಿಡಿದಳು.

"ನಮ್ಮೆಜಮಾನ್ರು ತೀರ್ಕೊಂಡ ವರ್ಷ ನಾನು ನಗೋದನ್ನೇ ಮರ್ತಿದ್ದೆ. ಯೂನಿಫಾರ್ಮ್ ಬಿಗಿ ಮಾಡಿಸೋಕೆ ಬಂದಾಗ ಅಮ್ಮ ಒಂದು ಹಾಸ್ಯದ ಪುಸ್ತಕ ಹೇಳಿದ್ರು. 'ಓದು, ಚೆನ್ನಾಗಿದೆಯಂತೆ' ಅಂದ್ರು. ಬಸ್ಸಲ್ಲಿ ಒಬ್ಬಳೇ ಕಿಸಕ್ಕಂತ ನಕ್ಕುಬಿಟ್ಟೆ ಕಣ್ರೀ. ಆ ಋಣ ಹೇಗೆ ತೀರಿಸ್ಲಿ?"

ಸೊಸೆಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಪುಸ್ತಕ ಹೇಳುವುದೇ? ಅವರ ಕಣ್ಣು ಸೂಜಿದಾರಕ್ಕೇ ಸವೆದುಹೋಗಿತ್ತು. ಔಷಧಿ ಚೀಟಿಯನ್ನೂ ಇವಳೇ ಓದಿ ಹೇಳಬೇಕಿತ್ತು.

"ನಂಗೆ ದೆವ್ವದ ಕತೆ ಹೇಳಿದ್ರು," ಎಂದ ಎದುರಿನ ಬೀಗ ರಿಪೇರಿಯವನು. "ಅದನ್ನೋದಿ ಒಂದು ವಾರ, ಕತ್ತಲಾದ್ಮೇಲೆ ಯಾರು ಕರೆದ್ರೂ ಬೀಗ ತೆಗೆಯೋಕೆ ಹೋಗ್ಲಿಲ್ಲ. ಆಮೇಲೆ ಪ್ರವಾಸದ್ದು, ರಾಜರ ಕಾಲದ್ದು. ಸ್ಕೂಲ್ ಬಿಟ್ಮೇಲೆ ಪುಸ್ತಕದ ಮುಖ ನೋಡಿದೋನಲ್ಲ ನಾನು. ಈಗ ನಾಕು ಪುಟ ಓದ್ದೆ ನಿದ್ದೆ ಹತ್ತಲ್ಲ." ಅವನು ಅತ್ತೆಯ ಕಡೆ ತಿರುಗಿ ನಕ್ಕ. "ಯಾವತ್ತೂ 'ಚೆನ್ನಾಗಿದೆ' ಅಂದೋರಲ್ಲ, 'ಚೆನ್ನಾಗಿದೆಯಂತೆ'! ಅಂತೆಯಮ್ಮ ಅಂತಲೇ ರೇಗಿಸ್ತಿದ್ವಿ. ಅಂತೆಕಂತೆ ನಂಬಿ ದುಡ್ಡು ಹಾಕೋದು ಹೇಗಮ್ಮ, ಯಾರು ಹೇಳಿದ್ದು ನಿಮಗೆ ಅಂತ ಒಂದಿನ ಕೇಳೇಬಿಟ್ಟೆ."

"ಏನಂದ್ರು?"

"ಅಯ್ಯೋ, ನಿಮಗೇ ಗೊತ್ತಿಲ್ವಾ? 'ನಮ್ಮ ಸೊಸೆ ಹೇಳಿದ್ದು ಕಣಯ್ಯ. ಅವಳು ಚೆನ್ನಾಗಿದೆ ಅಂದ್ರೆ ಮುಗೀತು' ಅಂದ್ರು."

*

ಆಗೆಲ್ಲ ಮಧ್ಯಾಹ್ನವಾದರೆ ಅತ್ತೆ ಮೆಷಿನ್ ತುಳಿಯುವರು, ಸೊಸೆ ಪಕ್ಕದಲ್ಲಿ ಗುಂಡಿ ಹಚ್ಚುವಳು.

"ಏನೇ ಅದು, ಬೆಳಗ್ಗೆ ಅಷ್ಟೊಂದು ಮುಳುಗಿದ್ದೆ?" ಎಂದು ಅತ್ತೆ ಒಂದು ದಿನ ಕೇಳಿದರು.

ಸೊಸೆ ಅದನ್ನು ವಿಚಾರಣೆ ಎಂದುಕೊಂಡಳು. ತಾನೇನೂ ಹೊತ್ತು ಹಾಳು ಮಾಡಿಲ್ಲ ಎಂದು ತೋರಿಸಲಿಕ್ಕಾಗಿ ಕತೆಯನ್ನು ಎಳೆಎಳೆಯಾಗಿ ಬಿಡಿಸಿ ಹೇಳಿದಳು. ಆಮೇಲೆ ಅದೇ ರೂಢಿಯಾಯಿತು. ಕತೆ ಬಿಗಿಯಾದ ಕಡೆ ಮೆಷಿನ್ ನಿಲ್ಲುತ್ತಿತ್ತು. ದಾರ ಕಿತ್ತುಹೋಯಿತೇನೋ ಎಂದು ಅವಳು ಬಗ್ಗಿ ನೋಡುವಳು.

"ದಾರಕ್ಕೇನೂ ಆಗಿಲ್ಲ, ನೀನು ಹೇಳು."

ಮುಗಿದಾಗ ಒಂದೇ ಪ್ರಶ್ನೆ. "ಚೆನ್ನಾಗಿದೆಯೋ, ಇಲ್ವೋ?"

"ಚೆನ್ನಾಗಿದೆ ಅತ್ತೆ."

"ಹ್ಞೂಂ."

ಅಷ್ಟೇ. ಆ "ಹ್ಞೂಂ" ಆಮೇಲೆ ಬೀದಿಯೆಲ್ಲ ಸುತ್ತಿ ಬರುತ್ತದೆಂದು ಅವಳಿಗೇನು ಕನಸು ಬಿದ್ದಿತ್ತೇ?

*

ಬೆಳಗಿನಿಂದ ಬಾರದ ಅಳು ಈಗ ಕಟ್ಟೆಯೊಡೆದು ಬಂತು. ನಾನು ಆಡಿದ ಮಾತನ್ನು ಇಷ್ಟು ಜೋಪಾನವಾಗಿ ಹೊತ್ತು ತಿರುಗಿದರಲ್ಲ ಈ ಹೆಂಗಸು, ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಅವಳು ಮನಸಾರೆ ಅತ್ತಳು. ನರ್ಸು ಬೆನ್ನು ಸವರುತ್ತ ಕೂತಳು.

ಹೊರಗೆ ಗಾಡಿ ಬಂದು ನಿಂತಿತು. ಗಂಡ, ಮೈದುನ, ಇನ್ನಿಬ್ಬರು ಎತ್ತಲು ಬಗ್ಗಿದರು. ಆಗಲೇ ಬೀಗದವನು ನರ್ಸಿಗೆ ಪಿಸುಗುಟ್ಟಿದ್ದು ಮೈದುನನ ಕಿವಿಗೆ ಬಿತ್ತು.

"ಕೊಂದೋರು ಯಾರು ಅಂತ ಗೊತ್ತಾಗ್ಲೇ ಇಲ್ವಲ್ಲ!"

"ಏನ್ರೀ ಮಾತಾಡ್ತೀರಿ?" ಮೈದುನ ಸಿಡಿದ. "ನಮ್ಮಮ್ಮ ಹೋಗಿದ್ದು ಎದೆನೋವಿಂದ!"

"ಅಯ್ಯಯ್ಯೋ, ಅಮ್ಮನ್ನಲ್ಲ ಸ್ವಾಮಿ! ಹೋಟೆಲ್ ಮಾಲೀಕನ್ನ... ಪತ್ತೇದಾರಿ ಕಾದಂಬರೀಲಿ. ಅಮ್ಮ ದಿನಾ ಅಷ್ಟಷ್ಟು ಹೇಳ್ತಿದ್ರು. ಆಸ್ಪತ್ರೆಗೆ ಸೇರಿದ್ಮೇಲೆ ನಿಂತೋಯ್ತು."

"ವಾರ್ಡಲ್ಲೂ ಹೇಳ್ತಿದ್ರು," ನರ್ಸು ತಲೆ ತಗ್ಗಿಸಿದಳು. "'ತಾಳ್ರೇ, ಸೊಸೆ ಬರ್ಲಿ, ಮುಂದಿಂದು ಕೇಳಿ ಹೇಳ್ತೀನಿ' ಅಂತ."

ಹೌದು, ಮಂಚದ ಪಕ್ಕ ಕೂತು ಹೇಳುತ್ತಿದ್ದವಳು ಇವಳೇ. ಇನ್ನೇನು ಕೊನೆಯ ಅಧ್ಯಾಯ ಎನ್ನುವಾಗ, "ಸುಸ್ತಾಗಿದೀರಿ ಅತ್ತೆ, ಉಳಿದಿದ್ದು ನಾಳೆ" ಎಂದು ಎದ್ದುಬಂದಿದ್ದಳು. ಆ ನಾಳೆ ಅತ್ತೆಗೆ ಸಿಗಲಿಲ್ಲ.

"ಇವತ್ತೇ ಬೇಕಿತ್ತಾ ಇದೆಲ್ಲ? ಎತ್ತಿ, ಎತ್ತಿ," ಎಂದು ಮೈದುನ ಗೊಣಗಿದ.

"ತಡಿಯಪ್ಪ," ಎಂದಳು ಸೊಸೆ. ಬಗ್ಗಿದ್ದವರು ನೆಟ್ಟಗಾದರು.

ಅವಳು ಅತ್ತೆಯ ತಲೆಯ ಬಳಿ ನೆಲಕ್ಕೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಡುಗೆಯವನಲ್ಲ ಅತ್ತೆ. ಎಲ್ಲರೂ ಅವನ ಮೇಲೇ ಕಣ್ಣಿಟ್ಟಿದ್ರಲ್ಲ, ಆವಾಗ ಲೆಕ್ಕ ಬರೆಯೋ ಹುಡುಗಿ ಹಿಂದಿನ ಬಾಗಿಲಿಗೆ ಬಂದ್ಳು ನೋಡಿ..."

"ಒಂಚೂರು ಗಟ್ಟಿಯಾಗಿ ಅಮ್ಮಾ," ಎಂದರು ಬಾಗಿಲಲ್ಲಿ ಯಾರೋ.

ಸೊಸೆ ದನಿ ಏರಿಸಿದಳು. ಗಂಡ ಅಮ್ಮನ ಕಾಲ ಬಳಿ ಮೆಲ್ಲಗೆ ಕೂತ. ಮೈದುನ ಕುರ್ಚಿ ಎಳೆದುಕೊಂಡ. ಹೊರಗೆ ಗಾಡಿಯ ಡ್ರೈವರು ಎಂಜಿನ್ ಆರಿಸಿ ಇಳಿದು ಬಂದು, ಕಿಟಕಿಯ ಸರಳು ಹಿಡಿದು ಒಳಗೆ ಕಿವಿಗೊಟ್ಟ.