ಟೈಲ್ಸ್ ಉಳೀಲಿ

"ಟಬ್ಬ ಇಡಿಯಾಗಿ ಹೊರಗ ಬರಬೇಕಂದ್ರ ಗ್ವಾಡಿ ಟೈಲ್ಸ್ ಒಡೀಬೇಕಾಕ್ಕೈತ್ರಿ. ಟೈಲ್ಸ್ ಉಳೀಬೇಕಂದ್ರ ಟಬ್ಬ ಒಡೀಬೇಕು. ಎರಡೂ ಉಳಿಯಂಗಿಲ್ಲ."

ಗೌಂಡಿ ದಾದಾಪೀರ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಟಬ್ಬಿನ ಅಂಚು ಗೋಡೆಯೊಳಗೆ ಹೊಕ್ಕ ಜಾಗವನ್ನು ಬೆರಳಿನಿಂದ ತಡವುತ್ತಿದ್ದ.

"ಟೈಲ್ಸ್ ಹೋದ್ರ ಹೋಗ್ಲಿ," ಎಂದ ಮಾರ್ತಾಂಡ. "ಬೆಳ್ಳಟ್ಟಿಯಿಂದ ನಮ್ಮಣ್ಣ ಬಂಡಿ ಕಳಸ್ತಾನ. ಟಬ್ಬ ದನಕ್ಕ ನೀರು ಕುಡಸ್ಲಿಕ್ಕೆ ಬರ್ತದಂತ."

"ಟೈಲ್ಸ್ ಉಳೀಲಿ," ಎಂದಳು ಹೊಸ್ತಿಲಲ್ಲಿ ನಿಂತಿದ್ದ ಅವನ ಹೆಂಡತಿ ತಾರಾಬಾಯಿ.

ಗಂಡಸರಿಬ್ಬರೂ ತಿರುಗಿ ನೋಡಿದರು. ಶ್ರಾವಣದಲ್ಲಿ ಪುಟ್ಟ ಮಗಳು ವೃಂದಾ ತೀರಿಹೋದಮೇಲೆ ಅವಳು ಈ ಮನೆಯಲ್ಲಿ ಏನನ್ನೂ ಬೇಕು ಎಂದಿರಲಿಲ್ಲ.

ಹತ್ತಿ ಗಿರಣಿಯ ಹಳೆಯ ಬಂಗಲೆ ಹರಾಜಾದಾಗ ಮಾರ್ತಾಂಡ ಹಟ ಹಿಡಿದು ತಂದ ಟಬ್ಬು ಅದು. ಒಳಗೆ ಕುಳಿತು ಸ್ನಾನ ಮಾಡುವ ಅವನ ಆಸೆ ಬೇಗನೆ ಕರಗಿತು. ಗದಗಿನಲ್ಲಿ ನಳಕ್ಕೆ ನೀರು ಬರುವುದೇ ವಾರಕ್ಕೊಮ್ಮೆ. ಟಬ್ಬು ನೀರು ತುಂಬಿಡುವ ತೊಟ್ಟಿಯಾಯಿತು. ವೃಂದಾ ಹೋದ ಆ ಮುಂಜಾನೆ ತಾರಾಬಾಯಿ ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದಳು, ಅವನು ಪಡಸಾಲೆಯಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಕೂಸು ಅವನ ಹತ್ತಿರ ಇದೆ ಎಂದು ಇವಳು, ಇವಳ ಹತ್ತಿರ ಇದೆ ಎಂದು ಅವನು. ಅದು ಬಚ್ಚಲಿಗೆ ಹೋದದ್ದು ಯಾರಿಗೂ ಕಾಣಲಿಲ್ಲ. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಮಾರ್ತಾಂಡ ಅವಳ ಹಿಂದೆ ಅಡಿಗೆಮನೆಗೆ ಬಂದ. "ಆ ಟೈಲ್ಸ್ ನೀ ಎಂದೂ ಕಣ್ಣೆತ್ತಿ ನೋಡಿದಾಕಿ ಅಲ್ಲ. ಖರೆ ಹೇಳು, ಏನದ ನಿನ್ನ ಮನಸ್ಸಿನ್ಯಾಗ?"

ತಾರಾಬಾಯಿ ಒಲೆಯ ಮೇಲಿನ ಚಹಾ ಇಳಿಸಿದಳು. "ಬೆಳ್ಳಟ್ಟ್ಯಾಗ ನಿಮ್ಮಣ್ಣನ ಮೊಮ್ಮಗ ಈಗ ಅಂಬೆಗಾಲು ಹಾಕ್ತದ."

"ಅಲ್ಲಿ ಟಬ್ಬ ದನದ ಕೊಟ್ಟಿಗ್ಯಾಗ ಇರ್ತದ."

"ಇಲ್ಲಿ ಬಚ್ಚಲದಾಗ ಇತ್ತು."

ಅವನು ಬಚ್ಚಲಿಗೆ ಮರಳಿದ. "ಟಬ್ಬ ಒಡೀರಿ, ದಾದಾಪೀರ," ಎಂದ. ಬೆಳ್ಳಟ್ಟಿಗೆ ಏನು ಹೇಳಬೇಕೆಂದು ಅವಳನ್ನು ಕೇಳಲಿಲ್ಲ.

ದಾದಾಪೀರ ಚೂರು ಸಿಡಿಯದಂತೆ ಗೋಡೆಗೆ ಗೋಣಿತಟ್ಟು ಇಳಿಬಿಟ್ಟು ದೊಡ್ಡ ಸುತ್ತಿಗೆ ಎತ್ತಿದ. ಬೀಡುಕಬ್ಬಿಣದ ಟಬ್ಬು ಮೊದಲು ದೇವಸ್ಥಾನದ ಗಂಟೆಯಂತೆ ಮೊಳಗಿತು, ಬಿರುಕು ಬಿಟ್ಟಮೇಲೆ ಬರೀ ಧಪ್ ಎಂದಿತು. ಒಳಗೆ ಕುಳಿತ ತಾರಾಬಾಯಿ ಪ್ರತಿ ಪೆಟ್ಟಿಗೂ ಎದೆಯಲ್ಲೇನೋ ಸಡಿಲವಾದೀತೆಂದು ಕಾದಳು. ಏನೂ ಆಗಲಿಲ್ಲ. ತುಂಡುಗಳನ್ನು ಹೊತ್ತು ಹಾಕಿದಮೇಲೆ ದಾದಾಪೀರ ಕರೆದು ತೋರಿಸಿದ. "ನೋಡ್ರಿ ಬಾಯಿಯವರ, ಒಂದೂ ಒಡದಿಲ್ಲ." ಹಾಲಿನಂಥ ಬಿಳಿ ಗೋಡೆ ಅವಳ ಮುಂದೆ ಹಾಗೇ ನಿಂತಿತ್ತು. "ಚೊಲೋ ಆತು," ಎಂದಳು.

ಆದರೆ ನೀರು ಹಿಡಿದಿಡದೆ ಆ ಊರಲ್ಲಿ ಮನೆ ನಡೆಯುವಂತಿರಲಿಲ್ಲ. ಅದೇ ಜಾಗದಲ್ಲಿ ದಾದಾಪೀರ ಸಿಮೆಂಟಿನ ತೊಟ್ಟಿ ಕಟ್ಟಿದ. ಮಾರ್ತಾಂಡ ಬೆಟಗೇರಿಯಿಂದ ದಪ್ಪ ತಗಡಿನ ಮುಚ್ಚಳ ಮಾಡಿಸಿ ತಂದ.

ಸಿಮೆಂಟು ಒಣಗಿದ ಮೇಲೆ ಒಂದು ಮುಂಜಾನೆ ನಳ ಬಂತು. ತಾರಾಬಾಯಿ ರಬ್ಬರ್ ನಳಿಗೆ ಹಿಡಿದು ನಿಂತಳು, ಅವನು ಪಕ್ಕದಲ್ಲಿ ನಿಂತ. ನೀರು ಏರುವುದನ್ನು ಇಬ್ಬರೂ ನೋಡಿದರು. ತೊಟ್ಟಿ ತುಂಬಿದಾಗ ಮಾರ್ತಾಂಡ ಮುಚ್ಚಳ ಎಳೆದು, ಅದರ ಮೇಲೆ ಕುಳಿತುಬಿಟ್ಟ. ಕಚೇರಿಯ ಹೊತ್ತು ಮೀರಿತು. ಅವನು ಏಳಲಿಲ್ಲ. ಅವಳೂ ಏಳೆನ್ನಲಿಲ್ಲ, ಅವನ ಬೆನ್ನ ಹಿಂದಿನ ಗೋಡೆಗೆ ಸಿಡಿದಿದ್ದ ಹನಿಗಳನ್ನು ಸೆರಗಿನಿಂದ ಒರೆಸತೊಡಗಿದಳು.