ಕಲ್ಲುಸಾಲಿನ ಪೀಪಾಯಿ

ಲೋಟಗಳನ್ನು ಅವಳು ಬರೀ ಬಿಸಿನೀರಲ್ಲಿ ತೊಳೆಯುತ್ತಿದ್ದಳು. ಸೋಪು ಮುಟ್ಟಿಸುವಂತಿರಲಿಲ್ಲ. ಅದರ ವಾಸನೆ ಗಾಜಿಗೆ ಹತ್ತಿತೆಂದರೆ ವೈನಿನ ಕಥೆ ಮುಗಿದ ಹಾಗೆ. ಒಂದೊಂದನ್ನೂ ಹಳೇ ಹತ್ತಿಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬಿಸಿಲಿಗೆ ಹಿಡಿದು ನೋಡಿ, ಒಮ್ಮೆ ಮೂಸಿ, ತಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಹೇಳಬೇಕಾದ ಮಾತನ್ನು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದಳು.

ಇವತ್ತು ಬೆರೆಸುವ ದಿನ. ಚಳಿಗಾಲವೆಲ್ಲ ನೆಲಮಾಳಿಗೆಯ ಪೀಪಾಯಿಗಳಲ್ಲಿ ಮಲಗಿದ್ದ ಕೆಂಪು ವೈನನ್ನು ಮನೆಯವರೆಲ್ಲ ಸೇರಿ ರುಚಿ ನೋಡಿ, ಸಂಜೆಯೊಳಗೆ ದೊಡ್ಡ ತೊಟ್ಟಿಗೆ ಬಿಟ್ಟು ಒಂದು ಮಾಡುವ ದಿನ. ಹೋದ ಬೇಸಿಗೆಯಲ್ಲಿ ಬಿಸಿಲು ಕೈಬಿಚ್ಚಿ ಸುರಿದಿತ್ತು. ತೋಟದ ದ್ರಾಕ್ಷಿ ಎಂದೂ ಇಷ್ಟು ಕಪ್ಪಗೆ ಮಾಗಿರಲಿಲ್ಲ. ಹಾಗಾಗಿ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಂತಿರಲಿಲ್ಲ. ಕಲೆಯಾದರೂ ಪರವಾಗಿಲ್ಲ ಎನ್ನುವ ಹಳೇ ಅಂಗಿ ಹುಡುಕುತ್ತಾ ದೊಡ್ಡಪ್ಪ ಗಡಿಬಿಡಿಯಲ್ಲಿ ಹೊಸದನ್ನೇ ಹಾಕಿಕೊಂಡಿದ್ದರು.

ಅವಳ ಬಾಯಿಪಾಠಕ್ಕೆ ಬೇರೆ ಕಾರಣವಿತ್ತು. ಪೀಪಾಯಿಗಳ ಸಾಲಿನ ಕೊನೆಯಲ್ಲಿ ಒಂದು ಗಿಡ್ಡ ಪೀಪಾಯಿ. ಅದರೊಳಗಿದ್ದುದು ಅವಳದು.

ಪಂಪ್‌ಶೆಡ್ಡಿನ ಹಿಂದೆ, ಮಣ್ಣಿಗಿಂತ ಕಲ್ಲೇ ಜಾಸ್ತಿ ಇರುವ ಇಳಿಜಾರಿನಲ್ಲಿ ಒಂದಿಷ್ಟು ಮುದಿ ಬಳ್ಳಿಗಳಿದ್ದವು. ಕಲ್ಲುಸಾಲು ಅಂತಲೇ ಕರೆಯುತ್ತಿದ್ದರು. ಗೊಂಚಲು ಬಿಟ್ಟರೆ ಹಿಡಿ ತುಂಬುತ್ತಿರಲಿಲ್ಲ. ಅವನ್ನು ಕಿತ್ತು ಟ್ರಾಕ್ಟರ್ ನಿಲ್ಲಿಸಲು ಜಾಗ ಮಾಡಬೇಕು ಎಂದು ದೊಡ್ಡಪ್ಪ ವರ್ಷಗಳಿಂದ ಹೇಳುತ್ತಿದ್ದರು. ಅವಳು ಶಾಲೆ ಬಿಟ್ಟಾಗ ಕೈಗೆ ಕತ್ತರಿ ಕೊಟ್ಟು, "ಅಲ್ಲಿ ಕಲಿ, ಕೆಟ್ಟರೂ ನಷ್ಟ ಇಲ್ಲ" ಎಂದು ಕಳಿಸಿದವರೂ ಅವರೇ. ಅವಳು ಕಲಿತಳು. ಯಾವ ಬಳ್ಳಿಗೆ ಯಾವ ಹೊತ್ತಿನ ಬಿಸಿಲು ಬೇಕು ಎಂದು ನೋಡಿ ನೋಡಿ ಎಲೆ ತೆಗೆದಳು. ಆದರೆ ಪ್ರತಿ ಸುಗ್ಗಿಯಲ್ಲೂ ಆ ಹಣ್ಣು ಉಳಿದ ಹಣ್ಣಿನ ರಾಶಿಗೆ ಸೇರಿ ಹೇಳಹೆಸರಿಲ್ಲದೆ ಹೋಗುತ್ತಿತ್ತು. ಈ ಸಲ ಅಪ್ಪನ ಹಿಂದೆ ಹಿಂದೆ ಸುತ್ತಿ ಅದನ್ನು ಬೇರೆಯಾಗಿ ಹಾಕಿಸಿದ್ದಳು.

"ಬೆರೆಸೋ ದಿನದ ತನಕ ಇರಲಿ," ಎಂದಿದ್ದ ಅಪ್ಪ. "ಆಮೇಲೆ ನಿನ್ನ ದೊಡ್ಡಪ್ಪನ್ನ ನೀನೇ ಕೇಳ್ಕೋ."

ದೊಡ್ಡಪ್ಪನನ್ನು ಕೇಳುವುದೆಂದರೆ ಹರಿಯುವ ಹೊಳೆಗೆ ನಿಲ್ಲು ಎಂದ ಹಾಗೆ.

ನೆಲಮಾಳಿಗೆಯಲ್ಲಿ ಅಜ್ಜಿ ಮೊದಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅಲ್ಲಿ ಅವಳದೊಂದು ಕಾನೂನು. ವೈನು ಬಾಯಿಗೆ ಹೋದ ಮೇಲೆ ಅವಳ ಕೋಲು ನೆಲಕ್ಕೆ ಬಡಿಯುವ ತನಕ ಯಾರೂ ನುಂಗಬಾರದು, ಯಾರೂ ಮಾತಾಡಬಾರದು. ದೊಡ್ಡಪ್ಪ, ಅಪ್ಪ ಇಬ್ಬರೂ ಪ್ರಾಯದಲ್ಲಿ ಗುಟುಕು ಗಂಟಲಿಗೆ ಇಳಿಯುವ ಮೊದಲೇ ಜಗಳಕ್ಕೆ ಬೀಳುತ್ತಿದ್ದರಂತೆ. ಅದಕ್ಕೆ ಮಾಡಿದ ಕಾನೂನು.

ಮೊದಲ ಪೀಪಾಯಿ. ಕೋಲು ಬಡಿಯಿತು.

"ನಾನು ಹೇಳಿರಲಿಲ್ವಾ," ಎಂದರು ದೊಡ್ಡಪ್ಪ. "ಈ ವರ್ಷ ವೈನು ಚೆನ್ನಾಗಿರುತ್ತೆ ಅಂತ ಬಳ್ಳಿ ಹೂ ಬಿಟ್ಟಾಗಲೇ ಹೇಳಿದ್ದೆ."

"ನೀನು ಪ್ರತಿ ವರ್ಷ ಹೇಳ್ತೀಯ ಅಣ್ಣ," ಎಂದಳು ಅತ್ತೆ. "ವೈನು ಹುಳಿಯಾದ ವರ್ಷಾನೂ ಹೇಳಿದ್ದೆ."

"ಆ ವರ್ಷ ಪೀಪಾಯಿ ಸರಿ ಇರಲಿಲ್ಲ."

"ಹೌದು ಪಾಪ. ನೀನೊಬ್ಬ ಸರಿಯಾಗಿದ್ದೆ."

ಅಪ್ಪ ನಕ್ಕ. ಆ ನಗುವಿನ ಸಂದಿನಲ್ಲಿ ಅವಳು ಬಾಯಿ ತೆರೆದಳು. "ದೊಡ್ಡಪ್ಪ, ಆ ಕೊನೇದು..."

"ಲೋಟ ಈ ಕಡೆ ತಾ ಮಗಳೇ. ಮುಂದಿನದು ನೋಡೋಣ."

ಇನ್ನೊಂದು ಪೀಪಾಯಿಯ ಹತ್ತಿರ ಅವಳು ಮತ್ತೆ ಗಂಟಲು ಸರಿಮಾಡಿಕೊಂಡಳು.

"ತಡೀರಿ, ನಮ್ಮ ಬೆಕ್ಕು ಏನೋ ಹೇಳ್ತಿದೆ," ಎಂದಳು ಅತ್ತೆ. ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲವೆಂದು ಮನೆಯಲ್ಲಿ ಅವಳಿಗೆ ಆ ಹೆಸರು. ಎಲ್ಲರ ಮುಖವೂ ಒಟ್ಟಿಗೆ ಅವಳ ಕಡೆ ತಿರುಗಿತು. ಅವಳ ಕಿವಿ ಬಿಸಿಯಾಯಿತು.

"ಏನಿಲ್ಲ," ಎಂದುಬಿಟ್ಟಳು. ತನ್ನ ನಾಲಿಗೆಯನ್ನೇ ಕಚ್ಚಿಹಾಕುವಷ್ಟು ಸಿಟ್ಟು ಬಂತು.

ಕಡೆಗೆ ಆ ಗಿಡ್ಡ ಪೀಪಾಯಿಯೊಂದೇ ಉಳಿಯಿತು. ದೊಡ್ಡಪ್ಪ ಆಗಲೇ ತೊಟ್ಟಿಯ ರಬ್ಬರ್ ಕೊಳವೆಯನ್ನು ಎಳೆದು ತಂದಿದ್ದರು. "ಇದನ್ನೇನು ರುಚಿ ನೋಡೋದು? ಬಿಟ್ಟುಬಿಡೋಣ. ತೊಟ್ಟಿಗೆ ಹೋಗಿದ್ದೂ ಗೊತ್ತಾಗಲ್ಲ."

"ಗೊತ್ತಾಗದೆ ಇದ್ದರೆ ಹಾಕೋದು ಯಾಕೆ?" ಎಂದಳು ಅಜ್ಜಿ. "ತೆಗಿ ಬೆಕ್ಕೇ."

ಅವಳು ಬಿರಡೆ ಕಿತ್ತು, ಉದ್ದನೆಯ ಗಾಜಿನ ನಳಿಗೆಯನ್ನು ಒಳಗಿಳಿಸಿ, ಮೇಲಿನ ತೂತನ್ನು ಹೆಬ್ಬೆರಳಿನಿಂದ ಒತ್ತಿ ಎತ್ತಿದಳು. ಒಂದು ಹನಿ ಮಣಿಕಟ್ಟಿನ ಮೇಲೆ ಬಿತ್ತು. ಲೋಟಕ್ಕೆ ಇಳಿದ ವೈನು ಬಲ್ಬಿನ ಬೆಳಕಿಗೆ ಸುಲಭವಾಗಿ ದಾರಿ ಬಿಡಲಿಲ್ಲ. ಅಂಚಿನಲ್ಲಿ ಮಾತ್ರ ಕೆಂಡದ ಹಾಗೆ ಹೊಳೆಯಿತು.

ನಾಲ್ವರೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಅಜ್ಜಿಯ ಕೋಲು ಮೇಲೆ ಹೋಯಿತು.

ಅವಳು ಕುಡಿಯಲಿಲ್ಲ. ನೋಡುತ್ತಾ ನಿಂತಳು. ತಮಾಷೆಗೆಂದು ಹುಬ್ಬೇರಿಸಿದ್ದ ಅತ್ತೆಯ ಹುಬ್ಬು ಏರಿದಲ್ಲೇ ನಿಂತಿತು. ಅಪ್ಪ ಲೋಟವನ್ನು ಎತ್ತಿ, ಇದು ಎಲ್ಲಿಂದ ಬಂತು ಎನ್ನುವ ಹಾಗೆ ಮತ್ತೊಮ್ಮೆ ದಿಟ್ಟಿಸಿದ. ದೊಡ್ಡಪ್ಪ ಕಣ್ಣು ಮುಚ್ಚಿದರು. ಅವರ ಕೈಯಿಂದ ಕೊಳವೆ ಜಾರಿ ನೆಲಕ್ಕೆ ಬಿದ್ದದ್ದು ಅವರಿಗೇ ತಿಳಿಯಲಿಲ್ಲ.

ಕೋಲು ಇಳಿಯಲಿಲ್ಲ. ಬೇರೆ ಯಾವ ಪೀಪಾಯಿಗೂ ಅಜ್ಜಿ ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಬೆಳಗಿನಿಂದ ಯಾವ ಸಂದಿಗೆ ಕಾಯುತ್ತಿದ್ದಳೋ ಅದು ತಾನಾಗಿ ಬಂದು ಎದುರಿಗೆ ನಿಂತಿತ್ತು. ಅವಳದೊಂದು ಬಿಟ್ಟು ಈ ಮನೆಯ ಅಷ್ಟೂ ಬಾಯಿ ತುಂಬಿದ್ದವು. ಈಗ ಯಾರೂ ಅವಳ ಮಾತಿಗೆ ಅಡ್ಡ ಬರುವಂತಿರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. ಆದರೂ ನಗು ಬರುತ್ತಿತ್ತು.

"ದೊಡ್ಡಪ್ಪ," ಎಂದಳು. ದನಿ ಕಲ್ಲಿನ ಗೋಡೆಗೆ ತಾಗಿ ದೊಡ್ಡದಾಗಿ ವಾಪಸು ಬಂತು. "ಕಲ್ಲುಸಾಲು ಕೀಳಬೇಡಿ. ಟ್ರಾಕ್ಟರ್ ಮರದ ಕೆಳಗೂ ನಿಲ್ಲುತ್ತೆ."

ದೊಡ್ಡಪ್ಪ ಕಣ್ಣು ಬಿಟ್ಟರು. ಉಬ್ಬಿದ ಕೆನ್ನೆಯಲ್ಲೇ ಅವಳನ್ನು ನೋಡಿದರು, ಆಮೇಲೆ ಕೋಲನ್ನು ನೋಡಿದರು. ಕೋಲು ಮೇಲೇ ಇತ್ತು. ಅಜ್ಜಿಯ ಕಣ್ಣು ಅವಳ ಮೇಲಿತ್ತು, ಇನ್ನೂ ಇದ್ದರೆ ಹೇಳಿಬಿಡು ಎನ್ನುವ ಹಾಗೆ.

"ಇದನ್ನ ತೊಟ್ಟಿಗೆ ಬಿಡಬೇಡಿ," ಎಂದಳು ಅವಳು. "ಬೇರೆಯಾಗೇ ಇರಲಿ."